ಈನಿಡ್ ಟೋಸ್ಟೆವಿನ್ ಅವರ ಇನ್ನೂರ ಹದಿನಾಲ್ಕು ಮುಖಗಳು

ಬೆಳಗಿನ ಆರೂವರೆ. ಸೇಂಟ್ ಸ್ಯಾಂಪ್ಸನ್ಸ್ ಬಂದರಿನ ಮೇಲೆ ಮಂಜು ಇನ್ನೂ ಕೂತೇ ಇದೆ. ಬಂದರಿನ ಹಿಂದಿನ ವೃದ್ಧಾಶ್ರಮದ ಊಟದ ಮನೆಯಲ್ಲಿ ಈನಿಡ್ ಟೋಸ್ಟೆವಿನ್ ಒಂದು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಹೆಡ್ಲಿ ರೋಬಿಲಿಯಾರ್ಡ್ ಅವರ ಕೊರಳಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಾರೆ. ಹೆಡ್ಲಿ ಐವತ್ತು ವರ್ಷ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿದ್ದು, ಸಾಯುವುದಾದರೆ ನಮ್ಮ ಗರ್ನ್‌ಸೀ ದ್ವೀಪದಲ್ಲೇ ಸಾಯುತ್ತೇನೆಂದು ಹಟ ಹಿಡಿದು ಮೂರು ವಾರದ ಹಿಂದೆ ಬಂದವರು. ಈನಿಡ್ ಅವರ ಕತ್ತರಿಗೆ ಇವತ್ತು ಹೊಸ ತಲೆ.

"ಎರಡು ಸುಳಿ ಇದೆ ನಿಮಗೆ. ಇನ್ನೊಂದು ಮದುವೆ ಬಾಕಿ."

"ಎಂಬತ್ತೊಂಬತ್ತಾಯ್ತು ಕಣಮ್ಮ. ಹುಡುಗಿ ನೋಡು, ನಾನೇನು ಬೇಡ ಅನ್ನಲ್ಲ."

"ಮೊದ್ಲು ಅಲ್ಲಾಡ್ದೆ ಕೂತ್ಕೊಳ್ಳಿ. ಕಿವಿ ಹೋದ್ರೆ ಹುಡುಗಿ ಒಪ್ಪಲ್ಲ."

ಈನಿಡ್‌ಗೆ ಅರವತ್ತೊಂಬತ್ತು. ಕತ್ತರಿ ಹಿಡಿದು ಐವತ್ತನಾಲ್ಕು ವರ್ಷ. ದ್ವೀಪದ ನಾಲ್ಕು ವೃದ್ಧಾಶ್ರಮಗಳನ್ನು ಸುತ್ತುತ್ತಾರೆ, ದಿನಕ್ಕೆ ಹನ್ನೊಂದು ಹನ್ನೆರಡು ತಲೆ, ವಾರಕ್ಕೆ ಆರು ದಿನ. ಮಾತಾಡುವಾಗ ಅವರು ನಿಮ್ಮ ಕಣ್ಣು ನೋಡುವುದಿಲ್ಲ, ಕಿವಿ ನೋಡುತ್ತಾರೆ. ಮೊದಲ ಸಲ ಭೇಟಿಯಾದವರಿಗೆ ಮುಜುಗರವಾಗುತ್ತದೆ. ಅವರ ಜೊತೆ ಸುತ್ತುವ ನನಗೆ ಈಗ ಅಭ್ಯಾಸವಾಗಿದೆ. ಎಡಗಿವಿ ಸ್ವಲ್ಪ ಕೆಳಗಿದೆಯೆಂದು ನನ್ನ ಹೆಂಡತಿ ಹೇಳಿರಲಿಲ್ಲ, ಇವರೇ ಹೇಳಿದ್ದು.

ಕ್ಷೌರ ಮುಗಿದ ಮೇಲೆ ಅವರ ಎರಡನೆಯ ಕೆಲಸ. ಬಾಗಿಲ ಹಿಂದೆ ಒರಗಿಸಿದ್ದ ಅಗಲವಾದ ಹಲಗೆಯನ್ನು ತಂದು ಮೇಜಿನ ಮೇಲೆ ಮಲಗಿಸುತ್ತಾರೆ. ಅದರ ಮೇಲೊಂದು ಫೋಟೊ. ಸಾವಿರದ ಒಂಬೈನೂರ ನಲವತ್ತೈದರ ಏಪ್ರಿಲ್, ದಕ್ಷಿಣ ಜರ್ಮನಿಯ ಶಿಬಿರದ ಗೇಟು ತೆರೆದ ದಿನ. ಯುದ್ಧದಲ್ಲಿ ದ್ವೀಪ ಹಿಡಿದ ಜರ್ಮನರು ಇಲ್ಲಿಂದ ಹಡಗು ಹತ್ತಿಸಿ ಒಯ್ದಿದ್ದ ನಮ್ಮ ಜನ ಗುಂಪುಗೂಡಿ ನಿಂತಿದ್ದಾರೆ. ತೆಗೆದವನು ಬಿಡಿಸಲು ಬಂದ ಸೈನ್ಯದ ಒಬ್ಬ ಸಿಪಾಯಿ. ಅವನ ವಿಧವೆ ಮೂವತ್ತಮೂರು ವರ್ಷದ ಹಿಂದೆ ಅದನ್ನು ನಮ್ಮ ಪ್ಯಾರಿಷ್‌ನ, ಅಂದರೆ ನಮ್ಮ ಊರಿನ, ಕಚೇರಿಗೆ ಕಳಿಸಿದರು. ಒಟ್ಟು ಇನ್ನೂರ ಹದಿನಾಲ್ಕು ಮುಖ, ಹೆಸರು ಒಂದೂ ಇರಲಿಲ್ಲ; ಈನಿಡ್ ಒಂದೊಂದಕ್ಕೂ ನಂಬರು ಕೊಟ್ಟರು. ಇವತ್ತಿಗೆ ನೂರ ತೊಂಬತ್ತೇಳು ಮುಖಕ್ಕೆ ಹೆಸರಿದೆ. ಅಷ್ಟನ್ನೂ ಕೂಡಿಸಿದವರು ಈ ಒಬ್ಬ ಹೆಂಗಸು, ಬಾಚಣಿಗೆ ಹಿಡಿದ ಕೈಯಲ್ಲೇ. ಯಾರೂ ಸಂಬಳ ಕೊಡಲಿಲ್ಲ, ಸನ್ಮಾನವನ್ನೂ ಮಾಡಲಿಲ್ಲ. ಇವರು ಹೆಸರು ಹುಡುಕಿಕೊಟ್ಟ ನೂರ ನಾಲ್ಕನೇ ನಂಬರು ನಮ್ಮ ದೊಡ್ಡಮ್ಮ. ಹಾಗಾಗಿ ನನಗೆ ಈ ವಿಷಯದಲ್ಲಿ ಸ್ವಲ್ಪ ನಾಚಿಕೆಯೂ ಇದೆ.

ಹಡಗು ಹತ್ತಿದಾಗ ಈನಿಡ್‌ಗೆ ಆರು ವರ್ಷ. ಅಪ್ಪ ವಾಡ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಅಷ್ಟೇ ಅಪರಾಧ. ಹೆಂಚು ಹೊದಿಸುವ ಕೆಲಸದ ಆ ಮನುಷ್ಯ ಶಿಬಿರದ ಎರಡನೇ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡರು. ಗೇಟು ತೆರೆದ ದಿನ ಈನಿಡ್ ಜ್ವರ ಬಂದು ಒಳಗೇ ಮಲಗಿದ್ದರು. ತಾಯಿ ಎಲ್ವೀನಾ ಮಗಳನ್ನು ಕರೆದುಕೊಂಡು ಊರಿಗೆ ಬಂದಾಗ ಮನೆಯ ಮೆಟ್ಟಿಲ ಹಲಗೆಗಳನ್ನೂ ಯಾರೋ ಒಲೆಗೆ ಹಾಕಿದ್ದರು. ಆಮೇಲೆ ಇಪ್ಪತ್ತೈದು ವರ್ಷ ಎಲ್ವೀನಾ ಹೋಟೆಲುಗಳ ನೆಲ ತಿಕ್ಕಿದರು. ಫೋಟೊ ಬರುವ ಹಿಂದಿನ ವರ್ಷ ಸತ್ತರು.

ಈನಿಡ್ ಅವರ ಕೆಲಸಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ನೋಡುವವರಿಗೆ ತಾವಾಗಿ ಹೆಸರು ಹೇಳಿಕೊಡುವಂತಿಲ್ಲ. ಇಬ್ಬರು ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳದೆ ಒಂದೇ ಹೆಸರು ಹೇಳಬೇಕು. ಒಂದೇ ಬಾಯಿಯಾದರೆ ನಂಬರಿನ ಪಟ್ಟಿಯಲ್ಲಿ ಹೆಸರು ಪೆನ್ಸಿಲ್ಲಿನಲ್ಲಿ, ಎರಡು ಬಾಯಿಯಾದ ಮೇಲೆ ಶಾಯಿಯಲ್ಲಿ. ತೋರಿಸುವಾಗಲೂ ನಾಣ್ಯದಷ್ಟು ತೂತು ಕೊರೆದ ರಟ್ಟನ್ನು ಫೋಟೊದ ಮೇಲಿಟ್ಟು ಒಂದೇ ಒಂದು ಮುಖ ಕಾಣಿಸುತ್ತಾರೆ. ಈ ರಟ್ಟು ಯಾಕೆಂದು ಕೇಳಿದರೆ ಈನಿಡ್ ಅವರ ಮುಖ ಸಣ್ಣದಾಗುತ್ತದೆ.

"ಶುರುವಿನಲ್ಲಿ ಎಲ್ಲರನ್ನೂ ಹಾಲ್‌ಗೆ ಕರೆದು ಒಟ್ಟಿಗೆ ತೋರಿಸ್ದೆ. ನಲವತ್ತನೇ ನಂಬರಿನ ಹುಡುಗನ್ನ ನೋಡಿ ಒಂಬತ್ತು ಜನ ಒಂದೇ ಉಸಿರಿಗೆ, ಸಾರ್ ಮನೆತನದ ಹುಡುಗ ಅಂದ್ರು. ಕಂಬಳೀಲಿ ಹೊಲಿದ ಕೋಟು, ಕೆಂಪು ತೇಪೆ, ಎಲ್ಲರಿಗೂ ಗೊತ್ತು. ನಾನು ಖುಷಿಯಾಗಿ ಶಾಯೀಲಿ ಬರೆದುಬಿಟ್ಟೆ. ಆ ಮನೆಯ ತಾಯಿ ಕೊನೇಲಿ ಬಂದ್ರು. ಕೋಟಿನ ಮೇಲೆ ಬೆರಳಿಟ್ರು. 'ಕೋಟು ನನ್ನ ಮಗಂದು. ಒಳಗಿರೋ ಹುಡುಗ ಅವನಲ್ಲ. ಅವನು ಫೆಬ್ರವರೀಲೇ ಹೋದ. ಕೋಟು ನಾನೇ ಕೊಟ್ಟೆ, ಚಳಿ ಇತ್ತಲ್ಲ' ಅಂದ್ರು."

ಶಿಬಿರದಲ್ಲಿ ಬಟ್ಟೆ ಯಾರ ಮೈಮೇಲೂ ನಿಲ್ಲುತ್ತಿರಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತು, ಆದರೂ ಅವರೇ ಬಟ್ಟೆ ನೋಡಿ ಮೋಸಹೋದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಈನಿಡ್‌ಗೆ ಗಾದೆಯಲ್ಲ, ಆ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತು ಕಲಿತ ಪಾಠ.

ಹಾಗಾಗಿಯೇ ಎಂಬತ್ತೆಂಟನೇ ನಂಬರು ಇವತ್ತಿಗೂ ಪೆನ್ಸಿಲ್ಲಿನಲ್ಲಿದೆ. ಯಾರದೋ ಎತ್ತಿದ ತೋಳಿನ ಹಿಂದೆ ಅರ್ಧ ಮುಖ, ಒಂದು ಕಿವಿ, ತಗ್ಗಿದ ಕಣ್ಣು. ಅಳುತ್ತಿರುವ ಹಾಗಿದೆ. ಅದು ತನ್ನ ತಾಯಿಯೆಂದು ಈನಿಡ್‌ಗೆ ಮೊದಲ ದಿನವೇ ಗೊತ್ತಾಯಿತು. ಸಾಯುವ ತನಕ ಅಮ್ಮನ ಕೂದಲು ಕತ್ತರಿಸಿದವರು ಇವರೇ, ಕಿವಿ ಮರೆಯುತ್ತದೆಯೇ? ಆದರೆ ಎರಡನೆಯ ಬಾಯಿ ಸಿಕ್ಕಿಲ್ಲ. ಮೇ ಒಂಬತ್ತು ನಮ್ಮ ದ್ವೀಪ ಜರ್ಮನರಿಂದ ಬಿಡುಗಡೆಯಾದ ದಿನ, ಈ ಸಲ ಅರವತ್ತು ವರ್ಷ. ಅವತ್ತು ಫೋಟೊ ಹೆಸರುಗಳ ಸಮೇತ ಪ್ಯಾರಿಷ್ ಹಾಲಿನಲ್ಲಿ ಕಾಯಂ ಆಗಿ ತೂಗುತ್ತದೆ. ಶಾಯಿ ಬೀಳದ ಮುಖಕ್ಕೆ 'ಹೆಸರು ತಿಳಿಯದು' ಎಂದೇ ಅಚ್ಚಾಗುತ್ತದೆ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಿಮ್ಮಮ್ಮ ನಿಮಗೆ ಗೊತ್ತಿಲ್ವಾ?" ಎಂದು ನಾನು ಹಿಂದೊಮ್ಮೆ ರೇಗಿದ್ದೆ.

"ನನ್ನ ಕಸುಬೇ ಕನ್ನಡಿ ಹಿಡಿಯೋದು. ನನ್ನ ಅಂಗೈ ಅಂತ ಬಿಡೋಕಾಗುತ್ತಾ?"

ಈಗ ಊಟದ ಮನೆಯಲ್ಲಿ ತೂತು ಎಂಬತ್ತೆಂಟರ ಮೇಲೆ ಕೂತಿದೆ. ಹೆಡ್ಲಿ ಶಿಬಿರದಲ್ಲಿ ವಾಡ್ಲಿ ಕುಟುಂಬದ ಪಕ್ಕದ ಬ್ಯಾರಕ್ಕಿನಲ್ಲಿದ್ದವರು. ಟೋಸ್ಟೆವಿನ್ ಗಂಡನ ಮನೆಯ ಹೆಸರು, ಈನಿಡ್ ಯಾರ ಮಗಳೆಂದು ಅವರಿಗೆ ಗೊತ್ತಿಲ್ಲ. ಮುದುಕರು ಕನ್ನಡಕ ಏರಿಸಿ, ಇಳಿಸಿ, ತಲೆ ಆಡಿಸುತ್ತಾರೆ.

"ಇಲ್ಲ. ಇವಳನ್ನ ನಾನು ನೋಡೇ ಇಲ್ಲ."

ಈನಿಡ್ ರಟ್ಟು ಸರಿಸುತ್ತಾರೆ. ಹೆಸರಿಲ್ಲದ ಇನ್ನೊಂದು, ಐವತ್ತೇಳು. ಸಿಪಾಯಿಯ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೊಂಡು ಬಾಯಿ ತುಂಬ ನಗುವ ಹೆಂಗಸು. ಯಾರೋ ಅಲ್ಲಿನ ಊರಿನವಳು, ನಮ್ಮವಳಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಹೆಡ್ಲಿ ನೋಡಿದವರೇ ಮೇಜು ತಟ್ಟುತ್ತಾರೆ.

"ಅಯ್ಯೋ, ಇವಳು ಎಲ್ವೀನಾ! ವಾಡ್ಲಿ ಹೆಂಡ್ತಿ. ಆ ಸಿಪಾಯಿ ಟೋಪಿ ಕಿತ್ಕೊಂಡು ತಾನೇ ಹಾಕ್ಕೊಂಡ್ಲು. ನಾವು ಗಂಡಸರೇ ಅಳ್ತಾ ನಿಂತಿದ್ವಿ, ಇವಳೊಬ್ಬಳು ಬಿದ್ದು ಬಿದ್ದು ನಗ್ತಿದ್ಲು."

ಈನಿಡ್ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಐವತ್ತೇಳರ ಮುಂದೆ 'ಎಲ್ವೀನಾ ವಾಡ್ಲಿ, ಒಂದು ಬಾಯಿ' ಎಂದು ಬರೆಯುತ್ತಾರೆ. ಅಕ್ಷರ ಸ್ವಲ್ಪ ಓರೆಯಾಗುತ್ತದೆ. ಎರಡನೆಯ ಬಾಯಿ ತಾವಾಗುವಂತಿಲ್ಲ, ಹೆಸರು ಕಿವಿಗೆ ಬಿದ್ದಾಗಿದೆ. ಉಳಿದವರಲ್ಲಿ ಹೇಳಬಲ್ಲವರು ಒಬ್ಬರೇ. ಕ್ಯಾಸ್ಟೆಲ್‌ನ ಆಶ್ರಮದ ಮ್ಯೂರಿಯಲ್ ಫಾಲ, ತೊಂಬತ್ತೊಂದು ವರ್ಷ, ಶಿಬಿರದಲ್ಲಿ ಎಲ್ವೀನಾ ಮೇಲಿನ ಮಂಚದಲ್ಲಿ ಮಲಗಿದರೆ ಕೆಳಗಿನ ಮಂಚದವರು. ಆದರೆ ಮ್ಯೂರಿಯಲ್ ಆ ಫೋಟೊ ನೋಡಿದವರಲ್ಲ. ಆ ಗೇಟನ್ನು ಇನ್ನೊಮ್ಮೆ ನೋಡುವುದಿಲ್ಲವೆಂದು ಶಪಥ ಮಾಡಿದ್ದಾರೆ. ಹನ್ನೆರಡು ವರ್ಷ ಅವರ ಕೂದಲು ಕತ್ತರಿಸಿದ ಈನಿಡ್ ಒಂದು ಸಲವೂ ಒತ್ತಾಯಿಸಿಲ್ಲ.

ಮಾರನೆಯ ದಿನ ಏಳು ಗಂಟೆಗೆ ನಾವು ಅಲ್ಲಿದ್ದೇವೆ. ಮ್ಯೂರಿಯಲ್ ಬೆಣ್ಣೆ ಸವರಿದ ದ್ರಾಕ್ಷಿ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದಾರೆ.

"ನಂಗೋಸ್ಕರ ಒಂದೇ ಮುಖ ನೋಡ್ತೀರಾ?"

"ಮೊನ್ನೆ ಮೊನ್ನೆ ಕೂದಲು ಕತ್ತರಿಸಿ ಹೋದೆ ನೀನು. ಇವತ್ತು ಹಲಗೆ ಹೊತ್ಕೊಂಡು ಬಂದಾಗ್ಲೇ ಅಂದ್ಕೊಂಡೆ." ಮುದುಕಿ ಬ್ರೆಡ್ಡು ಕೆಳಗಿಡುತ್ತಾರೆ. "ಗೇಟು ಕಾಣುತ್ತಾ?"

"ಕಾಣಲ್ಲ. ತೂತು ಇಷ್ಟೇ ಇದೆ."

ಮ್ಯೂರಿಯಲ್ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಬಗ್ಗುತ್ತಾರೆ. ಮ್ಯೂರಿಯಲ್ ಅವರ ಭುಜ ಅಲುಗುತ್ತದೆ. ಅಳುತ್ತಿದ್ದಾರೆಂದು ನನಗೆ ಗಾಬರಿಯಾಗುತ್ತದೆ. ಅಳುವಲ್ಲ, ನಗು.

"ಇವಳಿಗೆ ಬಡ್ಕೊಂಡೆ ನಾನು, ಟೋಪಿ ವಾಪಸ್ ಕೊಡೇ, ಗುಂಡು ಹಾರಿಸ್ತಾನೆ ಅಂತ. ಕೇಳಿದ್ಲಾ ಎಲ್ವೀನಾ?" ತಲೆಯೆತ್ತಿ ಈನಿಡ್ ಮುಖ ನೋಡುತ್ತಾರೆ. "ನಿಮ್ಮಮ್ಮ ಕಣೇ. ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಾಗ್ಲಿಲ್ಲ."

ಈನಿಡ್ ಪೆನ್ಸಿಲ್ ಗುರುತಿನ ಮೇಲೆ ಶಾಯಿ ಎಳೆಯುತ್ತಾರೆ. ಆಮೇಲೆ ರಬ್ಬರು ತೆಗೆದು ಎಂಬತ್ತೆಂಟರ ಮುಂದಿದ್ದ ಹೆಸರನ್ನು ಉಜ್ಜುತ್ತಾರೆ. ಅಲ್ಲಿ ಕೈ ನಿಧಾನವಾಗುತ್ತದೆ.

ಹೊರಗೆ ವ್ಯಾನಿನ ಪಕ್ಕ ನಿಂತು ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಬೇಕು ಬೇಕು ಅಂತ ನೋಡಿದ್ರೆ ಎಲ್ಲ ಕಿವೀನೂ ಅಮ್ಮನ ಕಿವೀನೇ. ಅವಳು ನೆಲ ತಿಕ್ಕೋದನ್ನ ನೋಡಿದೀನಿ, ಅಳೋದನ್ನ ನೋಡಿದೀನಿ. ಹಲ್ಲು ಕಾಣೋ ಹಾಗೆ ನಕ್ಕಿದ್ದು ನೆನಪೇ ಇಲ್ಲ. ನಗೋ ಅಮ್ಮನ್ನ ಹುಡುಕ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಹಲಗೆಯನ್ನು ಹಿಂದಿನ ಸೀಟಿಗೆ ತಳ್ಳಿ, ಬೆಲ್ಟು ಹಾಕಿ ಬಿಗಿಯುತ್ತಾರೆ. ಒಂಬತ್ತು ಗಂಟೆಗೆ ಇನ್ನೊಂದು ಆಶ್ರಮದಲ್ಲಿ ಐದು ತಲೆ ಕಾಯುತ್ತಿವೆ. ಇನ್ನಾದರೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅನ್ನುತ್ತೇನೆ. ಅವರು ನನ್ನ ಎಡಗಿವಿ ನೋಡುತ್ತಾರೆ.

"ಮೂವತ್ತಮೂರು ವರ್ಷ ಇನ್ಯಾರದೋ ಅಮ್ಮನ್ನ ನನ್ನ ಅಮ್ಮ ಅಂತ ಇಟ್ಕೊಂಡಿದ್ದೆ. ಎಂಬತ್ತೆಂಟು ಈಗ ಖಾಲಿ. ಅವಳ ಮಕ್ಕಳು ಎಲ್ಲೋ ಇರ್ತಾರಲ್ಲ. ಮೇ ಒಂಬತ್ತಕ್ಕೆ ಇನ್ನೂ ಹನ್ನೊಂದು ದಿನ ಇದೆ."