ಮಂಜಣ್ಣನ ಹತ್ತು ಸೆಕೆಂಡು

ಮಂಜಣ್ಣ ಮೌಸನ್ನು ಬಾಲ ಹಿಡಿದೆತ್ತಿ ಗೋಡೆಯ ಮೊಳೆಗೆ ನೇತುಹಾಕಿಯೇ ಕೆಲಸಕ್ಕೆ ಕೂರುತ್ತಿದ್ದರು. ಹೊನ್ನಾವರದ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಅವರಿಗೆ ಕಪ್ಪು ಪರದೆ, ಬಿಳಿ ಅಕ್ಷರ ಸಾಕು. 'ಮಾಡು' ಎಂಬ ಒಂದೇ ಕಮಾಂಡನ್ನು ತಾವೇ ಬರೆದಿಟ್ಟುಕೊಂಡಿದ್ದರು. ಅದರ ಮುಂದೆ 'ಹುಡುಕು' ಎಂದು ಹೊಡೆದರೆ ನೂರು ಫೈಲುಗಳಲ್ಲಿ ಅಡಗಿದ ಪದವನ್ನು ಹಿಡಿದು ತರುತ್ತಿತ್ತು. 'ಹೋಲಿಸು' ಎಂದರೆ ನಿನ್ನೆಯ ಪ್ರೋಗ್ರಾಮಿನಲ್ಲಿ ಇಂದು ಏನು ಕೆಡಿಸಿದ್ದೇವೆಂದು ತೋರಿಸುತ್ತಿತ್ತು. ಯಾರು ಹೊಸ ತಾಪತ್ರಯ ತಂದರೂ, "ಎಂತ ಬೇಕು ಹೇಳು ತಮಾ, ಅದ್ನೂ ಸೇರ್ಸ್ವ" ಎನ್ನುತ್ತಿದ್ದರು. ಮೂಗಿನಿಂದ ಹೊರಡುವ ಆ 'ಸೇರ್ಸ್ವ', ಅಣಕಿಸಲು ಕೂತರೆ, ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

'ಅಳಿಸು' ಎಂದರೆ ಮಾತ್ರ 'ಮಾಡು' ಹತ್ತು ಸೆಕೆಂಡು ಸುಮ್ಮನಿದ್ದು, "ಖರೆ ಹೌದಾ?" ಎಂದು ಕೇಳುತ್ತಿತ್ತು.

"ಹತ್ತು ಸೆಕೆಂಡು ಎಂತಕ್ಕೆ ಮಂಜಣ್ಣ?"

"ನಿಂಗೆ ಬುದ್ಧಿ ಬರೂಕೆ."

"ಅಷ್ಟು ಸಾಕಾ?"

"ಸಾಲ್ದು. ಅದ್ಕಿಂತ ಹೆಚ್ಗೆ ಬೇರೆಯವ್ರು ಕಾಯೂದಿಲ್ಲ."

ಒಂದು ಬೆಳಿಗ್ಗೆ ಅವರು ಬರುವ ಮೊದಲು ನಾನು 'ಮಾಡು'ವಿನಿಂದ ಆ ಕಾಯುವುದನ್ನೂ ಕೇಳುವುದನ್ನೂ ಕಿತ್ತುಹಾಕಿ, ಹುಡುಗರೆದುರು ಅವರಂತೆ ಮೂಗಿನಲ್ಲೇ ಪಾಠ ಮಾಡುತ್ತ 'ಅಳಿಸು' ತೋರಿಸಿದೆ. ಎಲ್ಲರೂ ನಕ್ಕರು, ನಮ್ಮ ಜೊತೆ ಕಲಿಯುತ್ತಿದ್ದ ಶಾಲಿನಿಯೊಬ್ಬಳನ್ನು ಬಿಟ್ಟು. ನಾನು ಕೂತಿದ್ದು ಅವಳ ಕಂಪ್ಯೂಟರಿನ ಮುಂದೆ. ಮರುದಿನ ಕುಮಟಾದ ಕಾಲೇಜಿನಲ್ಲಿ ಪರೀಕ್ಷಕರಿಗೆ ಓಡಿಸಿ ತೋರಿಸಬೇಕಿದ್ದ ಅವಳ ಪ್ರಾಜೆಕ್ಟು ಅಳಿಸಿಹೋಗಿತ್ತು. ಇನ್ನೊಂದು ಪ್ರತಿಯಿದ್ದ ಅವಳ ಫ್ಲಾಪಿಯೂ ತೆರೆಯಲಿಲ್ಲ. ಪ್ರಾಜೆಕ್ಟಿಲ್ಲದಿದ್ದರೆ ವರ್ಷವೇ ಹೋದಂತೆ.

ಮಂಜಣ್ಣ ಬೈಯಲಿಲ್ಲ. ಕಾಲೇಜಿನ ರೆಕಾರ್ಡ್ ಪುಸ್ತಕಕ್ಕೆಂದು ಅವಳು ತೆಗೆಸಿಟ್ಟಿದ್ದ ಪ್ರೋಗ್ರಾಮಿನ ಪ್ರಿಂಟುಗಳ ಕಟ್ಟನ್ನು ನನ್ನ ಕೈಗಿಟ್ಟರು. "ನೀ ಓದು. ನಾ ಟೈಪ್ ಮಾಡ್ತೆ."

ಅವಳನ್ನು ನಗಿಸೋಣವೆಂದು ರೇಡಿಯೋ ವಾರ್ತೆಯ ಧಾಟಿಯಲ್ಲಿ ಶುರುಮಾಡಿದೆ.

"ತಮಾ, ನಿನ್ನ ಸ್ವರದಲ್ಲಿ ಓದು."

ಆವರಣ, ಅಲ್ಪವಿರಾಮ, ಸೊನ್ನೆ. ಸಂಜೆಯವರೆಗೆ ಓದಿದೆ. ನನ್ನ ಸ್ವಂತ ಸ್ವರ ಅಷ್ಟು ಸಪ್ಪೆಯೆಂದು ಗೊತ್ತಾದದ್ದು ಅವತ್ತೇ.

ಮಂಜಣ್ಣನನ್ನು ನಾನು ಕೊನೆಯ ಸಲ ಕಂಡದ್ದು ಮರುದಿನ. ಅದರ ಬೆನ್ನಿಗೇ ರಜೆ ಬಂತು, ಆ ರಜೆಯಲ್ಲೇ ಸೆಂಟರ್ ಮುಚ್ಚಿತು. ಅವರು ಗೋವೆಯ ಕಡೆ ಹೋದರಂತೆ. ಆ ಪರೀಕ್ಷೆಯ ದಿನ ಕುಮಟಾದ ಕಾಲೇಜಿನ ಜಗಲಿಯಲ್ಲಿ ನಾವಿಬ್ಬರೂ ಕಾದು ನಿಂತಿದ್ದೆವು. ಶಾಲಿನಿ ಹೊರಬಂದು ಅವರಿಗೆ ಮಾತ್ರ ಹೇಳಿದಳು: "ಆತು ಸರ್. ಓಡ್ತು."

ಮಂಜಣ್ಣ ನನ್ನತ್ತ ಗದ್ದ ಆಡಿಸಿದರು. "ಇವಂಗೂ ಒಂದು ಮಾತು ಹೇಳು ತಂಗಿ. ನಿನ್ನೆಯಿಂದ ಉಣ್ಲಿಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು.

"ಊಟ ಮಾಡ್ ಹೋಗಾ ಮಾರಾಯಾ," ಎಂದಳು.