ಹಗುರ ಪ್ರತಿಯಲ್ಲಿ ಕಾಣದವನು

ನನ್ನ ಕಂಪ್ಯೂಟರಿನಲ್ಲಿ ನನ್ನ ತಂಗಿಯ ಮದುವೆ ತುಂಬ ದಿನ ಆಗಲೇ ಇಲ್ಲ. ಮಾಲೆ ಹಿಡಿದ ಕೈ ಎತ್ತುತ್ತಿದ್ದಳು, ಎತ್ತಿದ ಕೈ ಅಲ್ಲೇ ನಿಲ್ಲುತ್ತಿತ್ತು. ವಾಲಗದ ಸದ್ದು ಮಾತ್ರ ಯಾರಿಗೂ ಕಾಯದೆ ಮುಂದೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿತ್ರ ಥಟ್ಟನೆ ಹಾರಿ, ಮಾಲೆ ವರನ ಕೊರಳಲ್ಲಿರುತ್ತಿತ್ತು. ಹಾಕಿದ್ದನ್ನು ನೋಡಿದವರಿಲ್ಲ. "ಅಣ್ಣಾ, ನನ್ನ ಮಗಳ ಮದುವೆಯೊಳಗಾದ್ರೂ ನನ್ನ ಮದುವೆ ಮುಗಿಸ್ತೀಯಾ?" ಎಂದು ತಂಗಿ ಫೋನಿನಲ್ಲಿ ಚುಚ್ಚುತ್ತಿದ್ದಳು. ಅವಳು ಅಂದದ್ದು ಕೊಂಕಣಿಯಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಮೊನಚು ಉದುರಿದೆ.

ಹದಿನಾಲ್ಕು ವರ್ಷದ ಹಿಂದೆ ಹಣಕೋಣದ ನಮ್ಮ ಅಂಗಳದಲ್ಲಿ ನಡೆದ ಮದುವೆ ಅದು. ವಿಡಿಯೋ ತೆಗೆದವನು ನಾನೇ. ಮಡಗಾವಿನಲ್ಲಿ ಕೊಂಡ ಹೈ ಡೆಫಿನಿಶನ್ ಕ್ಯಾಮೆರಾ ಆಗ ನನ್ನ ಅಹಂಕಾರದ ಬಹುಭಾಗವಾಗಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡಾಗ ನಾನು ಹುಡುಗಿಯ ಅಣ್ಣನಲ್ಲ, ಪಾತ್ರೆ ಎತ್ತಲು ಕರೆಯಬಾರದ ಮನುಷ್ಯ. ಐದು ಗಂಟೆಯ ಚಿತ್ರ ತೆಗೆದೆ. ಅದನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿ, ಮುಂದಿನ ವಾರ ಕೂತು ಅರ್ಧ ಗಂಟೆಗೆ ಇಳಿಸುತ್ತೇನೆಂದು ತಂಗಿಗೆ ಮಾತು ಕೊಟ್ಟೆ. ಆ ಮುಂದಿನ ವಾರ ಬಂದದ್ದು ಈ ವರ್ಷ.

ಚಿತ್ರ ಯಾಕೆ ತಡವರಿಸುತ್ತದೆಂದು ತಿಳಿಯಲು ನಾನು ಓದಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಎಲ್ಲವನ್ನೂ ಪೂರ್ತಿ ಬರೆದುಕೊಂಡರೆ ಜಾಗ ಸಾಲದೆಂದು ಇಂಥ ಕ್ಯಾಮೆರಾಗಳು ಒಂದು ಉಪಾಯ ಮಾಡುತ್ತವೆ. ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಅದರ ಬೆನ್ನಿಗೆ ಬರುವ ಚಿತ್ರಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಮಾಡಿಕೊಳ್ಳುತ್ತವೆ: ಕೈ ಇಷ್ಟು ಮೇಲೆ ಹೋಯಿತು, ಉಳಿದದ್ದೆಲ್ಲ ಹಿಂದಿನಂತೆ. ಅಲುಗದೆ ನಿಂತವನ ಬಗ್ಗೆ ಹೊಸದಾಗಿ ಏನನ್ನೂ ಬರೆದುಕೊಳ್ಳುವುದಿಲ್ಲ. ನೋಡುವ ಹೊತ್ತಿಗೆ ಕಂಪ್ಯೂಟರು ಈ ಚೂರುಗಳಿಂದ ಪ್ರತಿ ಚಿತ್ರವನ್ನೂ ಮತ್ತೆ ಕಟ್ಟಬೇಕು. ನನ್ನದು ಹಳೆಯ ಕಂಪ್ಯೂಟರು. ಕಟ್ಟುತ್ತ ಕಟ್ಟುತ್ತ ಅದಕ್ಕೆ ಏದುಸಿರು ಬರುತ್ತದೆ.

ಪರಿಹಾರವಿದೆ. ಮೂಲ ಫೈಲನ್ನು ಮುಟ್ಟದೆ ಬದಿಗಿಟ್ಟು, ಪ್ರತಿಯೊಂದಕ್ಕೂ ಒಂದು ಸಣ್ಣ ನಕಲು ಮಾಡಿಸುವುದು. ಎಡಿಟಿಂಗಿನವರು ಇದಕ್ಕೆ ಪ್ರಾಕ್ಸಿ ಅನ್ನುತ್ತಾರೆ. ನಾನು ಹಗುರ ಪ್ರತಿ ಅಂದುಕೊಂಡಿದ್ದೇನೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಹಗುರ ಪ್ರತಿಯ ಮೇಲೆ. ಕೆಲಸ ಮುಗಿದ ಮೇಲೆ ಅದರ ಜಾಗಕ್ಕೆ ಮೂಲವನ್ನು ತಂದು ಕೂರಿಸಿದರೆ ಆಯಿತು. ನಾನು ಇನ್ನೂ ಹಗುರಾಗಲೆಂದು ಅಳತೆಯನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆ, ಧ್ವನಿಯನ್ನೂ ತೆಗೆದೆ. ಕರೆಂಟು ಹೋದಾಗಲೆಲ್ಲ ಮೊದಲಿನಿಂದ ಶುರು ಮಾಡುತ್ತ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ತಂಗಿ ಕೈ ಎತ್ತಿದಳು, ಮಾಲೆ ಹಾಕಿದಳು. ಹೊಳೆಯ ಇಳಿತದಂತೆ ಸರಾಗ.

ಗಂಗೆ ಬಂದದ್ದು ಆ ವಾರವೇ. ಹಣಕೋಣದ ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದ ದೇವುವಿನ ಹೆಂಡತಿ. ಅಂಕೋಲೆ ಕಡೆಯಿಂದ ಹೋಗಿ ಕಿನ್ನರ ಎಂಬ ಊರಿನಲ್ಲಿ ನೆಲೆಸಿದವರು. ತಂಗಿಯ ಮದುವೆಯಾಗಿ ಎರಡು ವರ್ಷಕ್ಕೆ ದೇವು ತೆಂಗಿನ ಮರದಿಂದ ಬಿದ್ದು ಸತ್ತ. ನಮ್ಮ ಮರವಲ್ಲ. ಹಾಗೆ ಬರೆಯುವಾಗ ಒಂದು ಸಮಾಧಾನವಾಗುತ್ತದೆ, ಆ ಸಮಾಧಾನ ನನಗೆ ಹಿಡಿಸುವುದಿಲ್ಲ. ಬಾಳೆಗುಳಿಯ ಹತ್ತಿರವಿರುವ ನನ್ನ ಈಗಿನ ಮನೆಗೆ ಗಂಗೆ ಬಸ್ಸು ಹಿಡಿದು ಬಂದಿದ್ದಳು. ಜೊತೆಗೆ ಮಗಳು ಸುಜಾತ, ಕಾಲೇಜಿನ ಮೊದಲ ವರ್ಷ.

"ಮಾಸ್ತರೆ, ತಂಗ್ಯವ್ರ ಮದುವೆ ವಿಡಿಯೋ ನಿಮ್ಮತ್ರ ಅದೆ ಅಂದ್ರು. ಅದ್ರಲ್ಲಿ ಇದ್ರ ಅಪ್ಪ ಎಲ್ಲಾದ್ರೂ ಸಿಕ್ತಾರಾ ಅಂತ ಕೇಳೂಕೆ ಬಂದೆ" ಎಂದಳು. ಗಂಡನ ಹೆಸರು ಅವಳು ಈಗಲೂ ಹೇಳುವುದಿಲ್ಲ. "ಇದು ಕೇಳ್ತದೆ, ಅಪ್ಪ ಹೆಂಗೆ ನಡೀತಿದ್ರು ಅಂತ. ನಾ ಎಂತ ಹೇಳೂದು? ನಡ್ದು ತೋರ್ಸೂಕೆ ನಂಗೆ ಬತ್ತದಾ?"

"ತೋರ್ಸಿದ್ಯಲೆ ಅವ್ವಿ" ಎಂದಳು ಸುಜಾತ. "ಬಾತುಕೋಳಿ ನಡ್ದಂಗೆ ಇತ್ತು."

ದೇವುವಿನ ಒಂದೇ ಒಂದು ಫೋಟೋ ಅವರ ಮನೆಯಲ್ಲಿದೆ. ಮತದಾರರ ಗುರುತಿನ ಚೀಟಿಯ ಹೆಬ್ಬೆರಳಗಲದ ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿ, ಕುತ್ತಿಗೆಯಿಂದ ಕೆಳಗೆ ನೀಲಿ ಕೋಟು, ಕೆಂಪು ಟೈ ಅಂಟಿಸಿಕೊಟ್ಟಿದ್ದಾರೆ. ನಮ್ಮ ಕಡೆ ಬಡವರ ಮನೆಯ ಗೋಡೆಯ ಮೇಲೆ ಇಂಥ ಕೋಟುಗಳನ್ನು ಎಷ್ಟೋ ನೋಡಿದ್ದೇನೆ. ಬದುಕಿದ್ದಾಗ ಅಂಗಿಯ ಗುಂಡಿ ಹಾಕದವರೆಲ್ಲ ಸತ್ತ ಮೇಲೆ ಬ್ಯಾಂಕಿನ ಮ್ಯಾನೇಜರರಾಗುತ್ತಾರೆ. ಸುಜಾತ ಅಪ್ಪನೆಂದು ಹನ್ನೆರಡು ವರ್ಷದಿಂದ ಕಂಡದ್ದು ಆ ಕೋಟನ್ನು.

ಹುಡುಕುತ್ತೇನೆ ಎಂದೆ. ಹೇಳುವಾಗಲೇ ಮನಸ್ಸಿನಲ್ಲಿ ಉತ್ತರ ಸಿದ್ಧವಿತ್ತು. ಮದುವೆಯ ದಿನದ ನನ್ನ ದಿನಚರಿ ತೆಗೆದು ನೋಡಿದೆ. ಹಾಗೆಯೇ ಬರೆದಿತ್ತು: 'ದೇವು ಬೆಳಿಗ್ಗೆ ನೀರು ತುಂಬಿಸಿ ಹೋದವನು ಮತ್ತೆ ಬರಲಿಲ್ಲ. ಊಟಕ್ಕೂ ಇಲ್ಲ.' ಆದರೂ ಪ್ರಾಮಾಣಿಕನಾಗಿರಬೇಕೆಂದು ಐದು ಗಂಟೆಯ ಹಗುರ ಪ್ರತಿಯನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ. ನನ್ನ ಪ್ರಾಮಾಣಿಕತೆಗೂ ಒಂದು ವೇಗವಿದೆ. ಪುರೋಹಿತರು ಕಂಡರು, ಹತ್ತು ಸಲ ಕೆಮ್ಮುವ ಮಾವ ಕಂಡರು, ಊಟದೆಲೆಗೆ ಬಂದ ನಾಯಿ ಕೂಡ ಕಂಡಿತು. ದೇವು ಇರಲಿಲ್ಲ. ಸುಜಾತಳ ಮೊಬೈಲಿಗೆ ಫೋನು ಮಾಡಿ, ಗಂಗೆಗೆ ಕೊಡಲು ಹೇಳಿ, ಇಲ್ಲ ಎಂದೆ.

"ಇರ್ಲಿ ಮಾಸ್ತರೆ" ಎಂದು ಆ ಕಡೆಯಿಂದ ಸಣ್ಣಗೆ ನಕ್ಕಳು. "ಮದುವೆ ಮನೇಲಿ ಕೆಲ್ಸದವ್ರ ಫೋಟೋ ಯಾರು ತೆಗೀತ್ರು?"

ಅದನ್ನು ಚುಚ್ಚುಮಾತೆಂದು ತಿಳಿಯಲು ನಾನು ಸಿದ್ಧನಿರಲಿಲ್ಲ. ಚುಚ್ಚುಮಾತಾಗಿರಲೂ ಇಲ್ಲವೇನೋ.

ಎರಡು ವಾರದ ಮೇಲೆ ತಂಗಿಯ ಅರ್ಧ ಗಂಟೆ ಮುಗಿಯಿತು. ಹಗುರ ಪ್ರತಿ ತೆಗೆದು ಮೂಲವನ್ನು ಕೂರಿಸಿದೆ. ಸರಿಯಾಗಿ ಕೂತಿತೋ ಎಂದು ಓಡಿಸಿದರೆ, ಚಿತ್ರಕ್ಕೆ ಹಳೆಯ ತಡವರಿಕೆ ಮರಳಿ ಬಂದಿತ್ತು. ಧಾರೆಗೆ ಮುಂಚಿನ ಒಂದು ತುಣುಕಿನಲ್ಲಿ ನಿಂತೇಬಿಟ್ಟಿತು. ಬೇರೆ ಕೆಲಸವಿಲ್ಲದೆ ನಿಂತ ಚಿತ್ರವನ್ನೇ ನೋಡುತ್ತ ಕೂತೆ. ಮಂಟಪದ ಹಿಂದೆ, ನೀರಿನ ಹಂಡೆಯ ಪಕ್ಕದ ಬಾಳೆಕಂಬಕ್ಕೆ ಒಂದು ಕಿವಿಯಿತ್ತು.

ಹಗುರ ಪ್ರತಿಯಲ್ಲಿ ಅದು ಬಾಳೆಕಂಬವೇ ಆಗಿತ್ತು, ಕಂದು ಬಣ್ಣದ ಒಂದು ಉದ್ದ ಮಸುಕು. ಮೂಲದಲ್ಲಿ ಅದು ಕಂದು ಅಂಗಿ ತೊಟ್ಟು, ನಮಗೆ ಬೆನ್ನು ಹಾಕಿ, ಕೊಡ ಹಿಡಿದು ನಿಂತ ಮನುಷ್ಯ. ಚಿತ್ರ ಮುಂದೆ ಹೋಯಿತು. ಮೂಲದ ಜೊತೆ ಧ್ವನಿಯೂ ಬಂದಿತ್ತಲ್ಲ. ಕ್ಯಾಮೆರಾದ ಹಿಂದಿನಿಂದ ಒಬ್ಬ ಮಾತಾಡಿದ. "ಏ ದೇವು, ಸ್ವಲ್ಪ ಆಚೆ ಸರಿ. ಅಡ್ಡ ಬರ್ಬೇಡ." ಬೆನ್ನು ತಿರುಗಿತು. ದೇವು ನೇರ ಕ್ಯಾಮೆರಾವನ್ನು ನೋಡಿದ. "ಆತು ಒಡೆಯಾ" ಎಂದ. ಕೊಡವನ್ನು ಸೊಂಟಕ್ಕೇರಿಸಿಕೊಂಡು, ಚಿತ್ರದ ಅಂಚು ದಾಟಿ ಹೊರಟುಹೋದ. ಒಟ್ಟು ಹನ್ನೊಂದು ಸೆಕೆಂಡು.

ಮಾತಾಡಿದವನು ನಾನು. ನಮ್ಮ ಮನೆಯಲ್ಲಿ ಮನೆಮಂದಿಗೆ ಕೊಂಕಣಿ, ಕೆಲಸದವರಿಗೆ ಕನ್ನಡ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ಸರಿಸುವಾಗ ಕೈಗೆ ಎಷ್ಟು ಸಿಟ್ಟಿರುತ್ತದೋ ಅಷ್ಟೇ.

ಧಾರವಾಡದಲ್ಲಿ ಎಂ.ಎ. ಓದುವಾಗ ಭಾರತೀಯ ತತ್ತ್ವಶಾಸ್ತ್ರದ ಒಂದು ಪತ್ರಿಕೆಯಿತ್ತು. ನೈಯಾಯಿಕರು ನೆನಪನ್ನು ಪ್ರಮಾಣವೆಂದು ಒಪ್ಪುವುದಿಲ್ಲ ಎಂದು ಅಲ್ಲಿ ಓದಿ ಖುಷಿಪಟ್ಟಿದ್ದೆ. ನೆನಪನ್ನು ನಂಬಬಾರದೆಂದೇ ನಾನು ದಿನಚರಿ ಬರೆಯುವವನು. ಅದೇ ಪತ್ರಿಕೆಯಲ್ಲಿ ಇನ್ನೊಂದು ಮಾತೂ ಇತ್ತು, ಮೀಮಾಂಸಕರದು. ಒಂದು ವಸ್ತು ಕಾಣದಿರುವುದರಿಂದಲೇ ಅದು ಅಲ್ಲಿಲ್ಲ ಎಂದು ತಿಳಿಯಬಹುದು. ಆದರೆ ಒಂದು ಷರತ್ತಿದೆ. ಅದು ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವ ಹಾಗಿರಬೇಕು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವ ಹಾಗಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ಆದರೂ ಮುಖ ಉಳಿಯದಷ್ಟು ಕುಗ್ಗಿಸಿದ ಚಿತ್ರದಲ್ಲಿ ಹುಡುಕಿ, ಒಬ್ಬ ಹೆಂಗಸಿಗೆ ಅವಳ ಗಂಡ ಇಲ್ಲ ಎಂದು ಫೋನು ಮಾಡಿದ್ದೆ.

ಇನ್ನು ದಿನಚರಿ. ಅದನ್ನು ಬರೆದವನ ಹೆಗಲ ಮೇಲೆ ಆ ಸಂಜೆ ಕ್ಯಾಮೆರಾದ ಭಾರವಿತ್ತು, ಹೊಟ್ಟೆಯಲ್ಲಿ ಊಟದ ಭಾರ. ದೇವುವನ್ನು ಅಂಚಿನಾಚೆ ಕಳಿಸಿದವನೇ ಸಂಜೆ ಕೂತು 'ಮತ್ತೆ ಬರಲಿಲ್ಲ' ಎಂದು ಬರೆದ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಹಗುರ ಮಾಡಿದ್ದ, ಅಷ್ಟೇ. ಕ್ಯಾಮೆರಾದ ಚಿತ್ರಕ್ಕಾದರೆ ಮೂಲವನ್ನು ಬದಿಗಿಟ್ಟಿರುತ್ತೇವೆ. ದಿನಚರಿಗೆ ಮೂಲವೆಲ್ಲಿದೆ? ಮೂವತ್ತು ವರ್ಷದ ಪುಸ್ತಕಗಳು ಕಪಾಟಿನಲ್ಲಿವೆ. ಅವುಗಳಲ್ಲಿ ಎಷ್ಟು ಬಾಳೆಕಂಬಗಳಿವೆಯೋ.

ಸಿಕ್ಕ ದಿನವೇ ಗಂಗೆಗೆ ಹೇಳಲಿಲ್ಲ. ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನ ಮಾಡಿದ ಕೆಲಸವೆಂದರೆ, ಹನ್ನೊಂದು ಸೆಕೆಂಡನ್ನು ಕತ್ತರಿಸಿ ಧ್ವನಿಯನ್ನು ಅಳಿಸಿ ಇನ್ನೊಂದು ಪ್ರತಿ ಮಾಡಿದ್ದು. ಹುಡುಗಿ ಕೇಳಿದ್ದು ನಡಿಗೆಯನ್ನು, ಮಾತನ್ನಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ.

ನಾಲ್ಕನೆಯ ದಿನ ಫೋನು ಮಾಡಿದೆ, ತಾಯಿ ಮಗಳು ಬಂದರು. ಮೂಕ ಪ್ರತಿಯನ್ನು ಹಾಕಿದೆ. ದೇವು ತಿರುಗಿದ, ಬಾಯಿ ಅಲುಗಿತು, ನಡೆದು ಹೋದ. ಗಂಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲಿಲ್ಲ. ಸ್ಕ್ರೀನಿನ ಹತ್ತಿರಕ್ಕೆ ಹೋಗಿ ಅಂಗಿ ನೋಡಿದಳು. "ಈ ಅಂಗಿ ನಂಗೆ ಗೊತ್ತದೆ" ಎಂದಳು. ಸುಜಾತ ಮೂರು ಸಲ ಹಾಕಿಸಿದಳು. ಆಮೇಲೆ, "ಸರ್, ಅಪ್ಪ ಎಂತದೋ ಹೇಳ್ತಾ ಇದ್ರಲ್ಲ. ಸೌಂಡ್ ಇಲ್ವಾ?" ಎಂದು ಕೇಳಿದಳು.

ಇಲ್ಲ ಎನ್ನಬಹುದಿತ್ತು. ಒಂದು ಸಲ ಇಲ್ಲ ಎಂದು ಅಭ್ಯಾಸವೂ ಆಗಿತ್ತು. "ಇದೆ" ಎಂದೆ. ಮೂಲವನ್ನು ಹಾಕಿ ಕಿಟಕಿಯ ಕಡೆ ತಿರುಗಿ ನಿಂತೆ. ನನ್ನ ಧ್ವನಿ ಕೋಣೆಯಲ್ಲಿ ಕೇಳಿಸಿತು. ಅದರ ಬೆನ್ನಿಗೆ ಅವನದು, ಎರಡು ಶಬ್ದ.

"ನನ್ನ ಆ ಮಾತನ್ನು ತೆಗೆದು ಕೊಡುತ್ತೇನೆ ಗಂಗೆ, ಅವನದನ್ನು ಮಾತ್ರ ಇಡುತ್ತೇನೆ" ಎಂದೆ.

"ಎಂತಕ್ಕೆ ತೆಗೀತ್ರಿ?" ಎಂದಳು ಗಂಗೆ. ಅವಳ ಕಣ್ಣು ಸ್ಕ್ರೀನಿನ ಮೇಲೆಯೇ ಇತ್ತು. "ನೀವು ಆಚೆ ಸರಿ ಅಂದದ್ದಕ್ಕೇ ಅಲ್ದಾ ಅವ್ರು ತಿರುಗಿದ್ದು? ಇಲ್ದಿದ್ರೆ ಬೆನ್ನೇ ಕಾಣ್ತಿತ್ತು. ಸರಿ ಅಂದದ್ದಕ್ಕೇ ನಡ್ದದ್ದು. ಅದ್ನ ತೆಗದ್ರೆ, ಅಪ್ಪ ಸುಮ್ನೆ ಯಾಕೆ ತಿರುಗಿದ್ರು ಅಂತ ಇದು ಮತ್ತೆ ನನ್ನೇ ಕೇಳ್ತದೆ."

ಅದು ಕ್ಷಮೆಯೋ, ಬರಿಯ ಲೆಕ್ಕಾಚಾರವೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮೂಲದ ತುಣುಕನ್ನು ಹಾಗೆಯೇ ಸುಜಾತಳ ಮೊಬೈಲಿಗೆ ಹಾಕಿಕೊಟ್ಟೆ. ನನ್ನ ಕಂಪ್ಯೂಟರು ಏದುಸಿರು ಬಿಡುವ ಚಿತ್ರ, ಅಂಗೈಯಗಲದ ಆ ಮೊಬೈಲಿನಲ್ಲಿ ಒಂದಿಷ್ಟೂ ತಡವರಿಸದೆ ಓಡಿತು. ಇಬ್ಬರೂ ಬಾಳೆಗುಳಿಯ ಬಸ್ಸಿಗೆ ಹೊರಟರು. ಅಂಗಳದಲ್ಲಿ ನೋಡಿದರು, ಗೇಟಿನ ಹತ್ತಿರ ನಿಂತು ಮತ್ತೆ ನೋಡಿದರು. ರಸ್ತೆಯ ತಿರುವಿನ ತನಕ ನನ್ನ ಧ್ವನಿ ಕೇಳುತ್ತಲೇ ಇತ್ತು: ಏ ದೇವು, ಸ್ವಲ್ಪ ಆಚೆ ಸರಿ. ಪ್ರತಿ ಸಲವೂ ಅವನು ತಿರುಗಿ ನೋಡಿರಬೇಕು.