ಮೂರು ಹಾಡಿನಷ್ಟು ರಾಗಿ

ಹೋದ ತಿಂಗಳು ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ. ಬಿಸಿ ರಾಗಿಹಿಟ್ಟಿನ ವಾಸನೆ ಮಾತ್ರ ಇತ್ತು. ಯಾರೋ ಆಗತಾನೆ ಬೀಸಿಸಿಕೊಂಡ ಹಿಟ್ಟಿನ ಡಬ್ಬಿ ಹಿಡಿದು ಮೇಲೆ ಹೋಗಿರಬೇಕು. ನಾನು ಈಗ ಹಿಟ್ಟನ್ನೂ ಫೋನಿನಲ್ಲೇ ತರಿಸುತ್ತೇನೆ. ಆ ಪ್ಯಾಕೆಟ್ಟಿಗೆ ವಾಸನೆ ಅಂತ ಏನಾದರೂ ಇದ್ದರೆ ಅದು ಪ್ಲಾಸ್ಟಿಕ್ಕಿನದು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಾತ್ರೆಗಳ ಕವರು ಹಿಡಿದು ಮೂರನೇ ಮಹಡಿ ತಲುಪುವಷ್ಟರಲ್ಲಿ ಚಿಕ್ಕಲಸಂದ್ರದ ಮಿಲ್ಲಿನವರು ನೆನಪಾಗಿಬಿಟ್ಟರು. ಒಳಗೆ ಬಂದವಳು ಚೀಲವನ್ನು ಅಲ್ಲೇ ಇಟ್ಟು, ಲೈಟು ಕೂಡ ಹಾಕದೆ, ಸ್ವಲ್ಪ ಹೊತ್ತು ಕೂತಿದ್ದೆ.

ಹತ್ತು ವರ್ಷದ ಕೆಳಗೆ ನಾವು ಅಲ್ಲಿ ಬಾಡಿಗೆಗೆ ಇದ್ದೆವು. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಅವರ ಹಿಟ್ಟಿನ ಮಿಲ್ಲು. ಮೇಲೆ ಅವರ ಮನೆ, ಕೆಳಗೆ ಬೇರೆಯವರಾದರೆ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಎರಡು ಮಿಷನ್ನು. ಎಡಗಡೆಯದು ರಾಗಿ, ಗೋಧಿ, ಅಕ್ಕಿಗೆ. ಬಲಗಡೆಯದು ಮೆಣಸಿನಕಾಯಿ ಮತ್ತು ಸಾರಿನಪುಡಿಗೆ. ಜನ ತಮ್ಮ ಡಬ್ಬಿಗಳನ್ನು ತಾವೇ ಸಾಲಿನಲ್ಲಿ ಇಡಬೇಕು. ಎಡ ಮಿಷನ್ನಿಗೆ ಎಡ ಸಾಲು, ಬಲ ಮಿಷನ್ನಿಗೆ ಬಲ ಸಾಲು. ಮಿಲ್ಲಿನವರು ಮುಚ್ಚಳ ತೆಗೆದರೂ ಒಳಗೆ ಏನಿದೆ ಎಂದು ನೋಡುತ್ತಿರಲಿಲ್ಲ, ಸಾಲು ನೋಡಿ ಸುರಿಯುತ್ತಿದ್ದರು. ಇಷ್ಟು ಜನರ ಇಷ್ಟು ಡಬ್ಬಿ ಇರುವ ಕಡೆ ಬೇರೆ ದಾರಿಯೂ ಇರಲಿಲ್ಲ.

ಮಿಲ್ಲಿಗೆ ಹೋಗುವ ಹೆಂಗಸರಿಗೆ ಇನ್ನೊಂದು ಚಿಂತೆ ಇರುತ್ತದೆ. ನಮ್ಮ ಡಬ್ಬಿಗೆ ಮುಂಚೆ ಬೀಸುವ ಕಲ್ಲಿಗೆ ಬಿದ್ದದ್ದು ಏನು? ರಾಗಿಯ ಹಿಂದೆಯೇ ಅಕ್ಕಿ ಹಾಕಿದರೆ ಅಕ್ಕಿಹಿಟ್ಟು ಕಪ್ಪಗಾಗುತ್ತದೆ. ಅದಕ್ಕೇ ಅಕ್ಕಿಯವರು ಅಕ್ಕಿಯವರ ಹಿಂದೆ ನಿಲ್ಲಲು ಪರದಾಡುತ್ತಿದ್ದರು. ಮಿಲ್ಲಿನವರು ಯಾರದು ಏನು ಎಂದು ಕೇಳಿಕೊಂಡು, ಯಾರಿಗೂ ಬೇಸರವಾಗದಂತೆ ಡಬ್ಬಿಗಳನ್ನು ಕಾಲಿನಿಂದ ಹಿಂದೆ ಮುಂದೆ ಸರಿಸಿ ಹೊಂದಿಸುತ್ತಿದ್ದರು. ತಿಪಟೂರಿನ ಕಡೆಯವರು. ಹದಿನೈದನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಯಾರದೋ ಮಿಲ್ಲಿನಲ್ಲಿ ದುಡಿದು, ಆಮೇಲೆ ತಮ್ಮದೇ ಹಾಕಿಕೊಂಡವರು. ಹಣೆಯ ಮೇಲೆ ವಿಭೂತಿ ಇರುತ್ತಿತ್ತು. ಹತ್ತು ಗಂಟೆಯ ಮೇಲೆ ಯಾವುದು ವಿಭೂತಿ, ಯಾವುದು ಹಿಟ್ಟು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಬಿ.ಕಾಂ. ಓದುತ್ತಿದ್ದಳು. ಕಾಲೇಜು ಮುಗಿಸಿ ಬಂದು ಮುಂದಿನ ಮೇಜಿನ ಹತ್ತಿರ ಕೂತು ತೂಕ ನೋಡಿ ಚೀಟಿ ಬರೆಯುತ್ತಿದ್ದಳು. ಮೇಜಿನ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಸ್ಪೀಕರ್. ಅದರಲ್ಲಿ ಸದಾ ಕೊರಿಯಾದ ಹುಡುಗರ ಹಾಡು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಆಫ್ ಮಾಡೇ ಅದನ್ನ, ಮಿಷನ್ ಬೆಲ್ಟ್ ಕಿತ್ಕೊಂಡಂಗಿದೆ" ಎಂದು ಕೂಗುತ್ತಿದ್ದರು. ಅವಳು ಇನ್ನೂ ಜೋರು ಮಾಡುತ್ತಿದ್ದಳು. ಅವರು ಒಂದು ಸಲ ಸ್ಪೀಕರನ್ನು ಎತ್ತಿ ಗೋಧಿ ಮೂಟೆಯ ಹಿಂದೆ ಎಸೆದರು. ಆಮೇಲೆ ಎರಡು ತಿಂಗಳು ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಚೀಟಿ ಬರೆದು ಅವರ ಕಡೆ ನೋಡದೆ ಚಾಚುತ್ತಿದ್ದಳು, ಅವರು ಇಸಿದುಕೊಳ್ಳುತ್ತಿದ್ದರು. ಒಬ್ಬಳೇ ಮಗಳು, ಹೀಗಾಗಿಬಿಟ್ಟರೆ ಹೇಗೆ ಮೇಡಂ ಎಂದು ಒಂದು ದಿನ ನನ್ನ ಹತ್ತಿರ ಅಂದರು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಸರಿಹೋಗುತ್ತೆ ಬಿಡಿ ಎಂದು ಬಂದುಬಿಟ್ಟೆ.

ಸರಿಹೋಗಿದ್ದು ಅವರ ಕಿವಿಯಿಂದ. ಮೂವತ್ತು ವರ್ಷ ಮಿಷನ್ನಿನ ಪಕ್ಕ ನಿಂತು ಕಿವಿ ಮಂದವಾಗತೊಡಗಿತ್ತು. ಕೆಲಸ ಮಾಡುವಾಗ ಕಿವಿ ಮುಚ್ಚಿಕೊಳ್ಳದಿದ್ದರೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರು. ಹತ್ತಿ ತುರುಕಿದರೆ ಕಿವಿ ನೋಯುತ್ತಿತ್ತು. ಆಗ ಮಗಳು ಎರಡು ಕಿವಿಯನ್ನೂ ಪೂರ್ತಿ ಮುಚ್ಚುವ ತನ್ನ ದೊಡ್ಡ ಹೆಡ್‌ಫೋನನ್ನು ಮಾತಿಲ್ಲದೆ ತಂದು ಅಪ್ಪನ ತಲೆಗೆ ಹಾಕಿದಳು. ಸುಮ್ಮನೆ ಹಾಕಿಕೊಂಡರೆ ಕಿವಿ ಗುಂಯ್ ಅನ್ನುತ್ತದೆ ಎಂದಾಗ ತನ್ನ ಹಳೆಯ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರ ಜೇಬಿಗೆ ಇಳಿಬಿಟ್ಟು ವೈರು ಸಿಕ್ಕಿಸಿದಳು. ಅದರಲ್ಲಿ ಇದ್ದದ್ದೆಲ್ಲ ಅವಳ ಹಾಡುಗಳೇ. ಹಿಟ್ಟು ಮೆತ್ತಿದ ಅವರ ಬೆರಳಿಗೆ ಆ ಫೋನು ಜಪ್ಪಯ್ಯ ಅಂದರೂ ಮಾತು ಕೇಳುತ್ತಿರಲಿಲ್ಲ. ಬದಲಾಯಿಸಲು ಬಾರದೆ, ಬಂದದ್ದನ್ನು ಕೇಳುತ್ತಾ ನಿಂತರು.

ಮೊದಲ ವಾರ ಅವರ ಮುಖ ನೋಡಬೇಕಿತ್ತು, ಕಷಾಯ ಕುಡಿದವರ ಹಾಗಿತ್ತು. ಎರಡನೇ ವಾರ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು. ತಿಂಗಳಾಗುವಷ್ಟರಲ್ಲಿ... ನಾನು ಇದನ್ನು ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ... ಅವರು ಹೊತ್ತನ್ನು ಹಾಡಿನಲ್ಲಿ ಹೇಳಲು ಶುರುಮಾಡಿದರು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ, "ಮೂರು ಹಾಡು ಕೂತ್ಕೊಳಿ ಮೇಡಂ, ಆಗೋಗುತ್ತೆ" ಅನ್ನುತ್ತಿದ್ದರು. ನಮ್ಮ ಐದು ಕೆ.ಜಿ. ರಾಗಿಗೆ ಮೂರು ಹಾಡು. ಅಕ್ಕಿಗೆ ಎರಡು ಸಾಕು. ಬೀದಿಯವರೆಲ್ಲ ಅದಕ್ಕೆ ಒಗ್ಗಿಹೋಗಿ, ನಾಲ್ಕು ಹಾಡಿನಲ್ಲಿ ತರಕಾರಿ ತಂದುಬಿಡುತ್ತೇನೆ ಎಂದು ಹೋಗುತ್ತಿದ್ದರು.

ಹಾಡುವ ಹುಡುಗರು ಐದು ಜನ. ಅವರ ಹೆಸರು ಮಿಲ್ಲಿನವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಗೊಗ್ಗರು ದನಿಯವನು, ಕೆಂಪು ಕೂದಲಿನವನು, ಮೂಗಿನಲ್ಲಿ ಹಾಡುವವನು ಎಂದು ತಾವೇ ಗುರುತು ಇಟ್ಟುಕೊಂಡಿದ್ದರು. "ಆ ಗೊಗ್ಗರು ದನಿ ಹುಡುಗ ಇದ್ದಾನಲ್ಲ, ಸಖತ್ತಾಗಿ ಹಾಡ್ತಾನೆ" ಎಂದು ಸಾರಿನಪುಡಿ ಬೀಸಿಸಲು ಬಂದ ಅಜ್ಜಿಯರಿಗೂ ಹೇಳುತ್ತಿದ್ದರು. ಮಗಳು ಸಂಜೆ ಬಂದು ಒಂದೊಂದು ಹಾಡಿನ ಅರ್ಥ ಹೇಳುತ್ತಿದ್ದಳು. ಚಿಕ್ಕ ಊರಿಂದ ದೊಡ್ಡ ಊರಿಗೆ ಬಂದು, ಅಮ್ಮನಿಗೆ ಫೋನಿನಲ್ಲಿ ಊಟ ಆಯಿತು ಎಂದು ಸುಳ್ಳು ಹೇಳುವ ಹುಡುಗನ ಹಾಡು ಒಂದಿತ್ತಂತೆ. ಅದರ ಅರ್ಥ ಕೇಳಿದ ದಿನ ಅವರು ಮಿಷನ್ ನಿಲ್ಲಿಸಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಹಿಟ್ಟು ಕಣ್ಣಿಗೆ ಬಿತ್ತು ಅಂದರು. ಮಗಳು ನಗುತ್ತಾ ಟವೆಲ್ ಕೊಟ್ಟಳು. ಆಗಿನಿಂದ ಅವರಿಬ್ಬರಿಗೂ ಮಾತೇ ಮುಗಿಯುತ್ತಿರಲಿಲ್ಲ. ಹೊಸ ಹಾಡು ಯಾವಾಗ ಬರುತ್ತದೆ ಎಂದು ಅಪ್ಪನೇ ಮಗಳ ಬೆನ್ನು ಹತ್ತುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮುಚ್ಚುಮರೆ ಯಾಕೆ? ನಮ್ಮ ಮನೆಯಲ್ಲೂ ಒಬ್ಬ ಮಗ ಇದ್ದ, ಅವನ ಕಿವಿಯಲ್ಲೂ ಸದಾ ಒಂದು ವೈರು ಇರುತ್ತಿತ್ತು. ಅದರಲ್ಲಿ ಏನು ಬರುತ್ತದೆ ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಅತ್ತೆಯ ಔಷಧಿ, ಆಮೇಲೆ ಬನಶಂಕರಿಯ ಶಾಲೆಯೊಂದರ ಆಫೀಸಿನಲ್ಲಿ ಸಂಜೆಯವರೆಗೆ ಫೈಲು, ವಾಪಸ್ ಬಂದು ಮತ್ತೆ ಅಡುಗೆ. ಮಗನ ಹತ್ತಿರ ಹಾಡಿನ ಮಾತಾಡುವಷ್ಟು ಜೀವ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಹನ್ನೆರಡು ಗಂಟೆ ಹಿಟ್ಟಿನಲ್ಲಿ ನಿಲ್ಲುವ ಈ ಮನುಷ್ಯನಿಗೆ ಎಲ್ಲಿಂದ ಉಳಿಯುತ್ತದೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಆ ವರ್ಷದ ಗಣಪತಿ ಹಬ್ಬಕ್ಕೆ ಎರಡು ದಿನ ಮುಂಚೆ... ಅತ್ತೆ ಕಡುಬಿಗೆಂದು ಅಕ್ಕಿಯನ್ನು ಮೂರು ಸಲ ತೊಳೆದು, ಬಿಳಿ ಪಂಚೆಯ ಮೇಲೆ ನೆರಳಿನಲ್ಲಿ ಆರಿಸಿ, ಡಬ್ಬಿಗೆ ತುಂಬಿ ಕೊಟ್ಟಿದ್ದರು. ಕೈತೊಳೆದು ಮುಟ್ಟು, ಬೇರೆ ಯಾವುದೂ ತಾಗಿಸಬೇಡ ಎಂದು ಹತ್ತು ಸಲ ಹೇಳಿದ್ದರು. ನಾನು ಅರ್ಧ ದಿನ ರಜೆ ಹಾಕಿ ಮಿಲ್ಲಿಗೆ ಹೋದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಎಡ ಸಾಲು ರಸ್ತೆಯವರೆಗೆ ಬೆಳೆದಿತ್ತು. ಕೈ ಸೋತಿತ್ತು. ಒಂದು ನಿಮಿಷ ಅಂದುಕೊಂಡು ಡಬ್ಬಿಯನ್ನು ಖಾಲಿ ಇದ್ದ ಬಲ ಸಾಲಿನಲ್ಲಿ ಇಟ್ಟು, ಬೆವರು ಒರೆಸಿಕೊಂಡು, ಪಕ್ಕದ ಬೀದಿಯ ಪರಿಚಯದವರೊಬ್ಬರ ಜೊತೆ ಮಾತಿಗೆ ನಿಂತೆ.

ತಿರುಗಿ ನೋಡಿದಾಗ ನನ್ನ ಡಬ್ಬಿ ಅವರ ಕೈಯಲ್ಲಿತ್ತು, ಮೆಣಸಿನಕಾಯಿ ಮಿಷನ್ನಿನ ಬಾಯಿಯ ಮೇಲೆ. "ಅಯ್ಯೋ, ಅದಲ್ಲ! ನಿಲ್ಲಿಸ್ರೀ!" ಎಂದು ಕೂಗಿದೆ. ಅವರು ನನ್ನ ಕಡೆ ನೋಡಿದರು. ತಲೆ ಹಾಡಿಗೆ ಸರಿಯಾಗಿ ಆಡುತ್ತಿತ್ತು. ನಾನು ಆತುರ ಮಾಡುತ್ತಿದ್ದೇನೆ ಅಂದುಕೊಂಡು, ನಗುತ್ತಾ ಎರಡೇ ಹಾಡು ಎಂದು ಎರಡು ಬೆರಳು ತೋರಿಸಿ, ಅಷ್ಟನ್ನೂ ಸುರಿದುಬಿಟ್ಟರು.

ಕೆಳಗೆ ಕೆಂಪು ಹಿಟ್ಟು ಬಂತು. ನಾನು ಜನರನ್ನು ತಳ್ಳಿಕೊಂಡು ಒಳಗೆ ಹೋಗಿ ಅವರ ಕಿವಿಯಿಂದ ಹೆಡ್‌ಫೋನನ್ನು ನಾನೇ ಕಿತ್ತೆ. ಆಮೇಲೆ ಆಡಿದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ. "ಈ ವಯಸ್ಸಲ್ಲಿ ಯಾವನೋ ಕೊರಿಯಾದೋನ ಹಾಡು ಹಾಕ್ಕೊಂಡು ಕುಣೀತೀರಲ್ಲ, ಇಂಥೋರನ್ನ ಅಪ್ಪ ಅನ್ನೋಕೆ ಆ ಹುಡುಗಿಗೆ ನಾಚಿಕೆ ಆಗಲ್ವಾ?" ಇಪ್ಪತ್ತು ಜನ ಕೇಳಿದರು. ಒಂದಿಬ್ಬರು ನಕ್ಕರು. ಮೇಜಿನ ಹತ್ತಿರ ಮಗಳು ಪೆನ್ನು ಹಿಡಿದು ಹಾಗೇ ಕೂತಿದ್ದಳು, ಅವಳ ಕಿವಿಯೆಲ್ಲ ಕೆಂಪಾಗಿತ್ತು.

ತಪ್ಪು ಸಾಲಿನಲ್ಲಿ ಡಬ್ಬಿ ಇಟ್ಟವಳು ನಾನು. ಬೈಯುವಾಗಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ದನಿ ಅಷ್ಟು ಏರಿತು ಅಂತ ಈಗ ಅನ್ನಿಸುತ್ತದೆ. ಅವರಿಗೂ ಗೊತ್ತಿತ್ತು. ಆದರೆ ಅವರು ಸಂಜೆ ತಮ್ಮ ಮನೆಯ ಅಕ್ಕಿಯನ್ನೇ ತೊಳೆಸಿ, ಆರಿಸಿ, ಮಾರನೇ ದಿನ ಮಿಷನ್ ಒರೆಸಿ ಮೊದಲ ಸರದಿಯಲ್ಲಿ ಬೀಸಿ ನಮ್ಮ ಬಾಗಿಲಿಗೆ ತಂದುಕೊಟ್ಟರು. ಅತ್ತೆಗೆ ಏನೂ ತಿಳಿಯಲಿಲ್ಲ. ಕಡುಬು ಚೆನ್ನಾಗಿಯೇ ಆದವು.

ಹಬ್ಬ ಮುಗಿದ ಮೇಲೆ ಹೋಗಿ ತಪ್ಪಾಯಿತು ಅಂದೆ. "ಬಿಡಿ ಮೇಡಂ, ಮುಚ್ಚಳ ತೆಗೆದು ನಾನೂ ನೋಡ್ಬೇಕಾಗಿತ್ತು" ಅಂದರು. ಕಿವಿಯಲ್ಲಿ ಹತ್ತಿ ಇತ್ತು. ಮೇಜಿನ ಹತ್ತಿರ ಯಾರೂ ಇರಲಿಲ್ಲ. ಅದಾದ ಮೇಲೆ ಅವರ ತಲೆಯ ಮೇಲೆ ಹೆಡ್‌ಫೋನನ್ನು ನಾನು ನೋಡಲಿಲ್ಲ. ಕಾಯುವ ಹೊತ್ತನ್ನು ಮತ್ತೆ ನಿಮಿಷದಲ್ಲಿ ಹೇಳತೊಡಗಿದರು. ಸ್ವಲ್ಪ ದಿನಕ್ಕೆ ಹತ್ತಿಯನ್ನೂ ಬಿಟ್ಟರು, ಕಿವಿ ನೋವೆಂದು. ನಾವು ಜೆ.ಪಿ. ನಗರಕ್ಕೆ ಮನೆ ಬದಲಾಯಿಸುವ ಹೊತ್ತಿಗೆ ಅವರ ಹತ್ತಿರ ಮಾತಾಡಬೇಕಾದರೆ ಕೈಸನ್ನೆ ಬೇಕಿತ್ತು. ಅವರು ಮನಸ್ಸಿಗೆ ಹಚ್ಚಿಕೊಂಡು ಹಾಡು ಬಿಟ್ಟರು, ನನ್ನಿಂದ ಬಿಟ್ಟರು ಎಂದು ಇಷ್ಟು ವರ್ಷವೂ ಅಂದುಕೊಂಡಿದ್ದೆ. ಅವರು ತೀರಿಕೊಂಡ ಸುದ್ದಿ ಎರಡು ವರ್ಷದ ಹಿಂದೆ ಯಾರೋ ಹೇಳಿದರು. ಹೋಗಬೇಕು ಅಂದುಕೊಂಡೆ. ಮೊಣಕಾಲು ನೋವು, ಟ್ರಾಫಿಕ್ಕು, ಅದು ಇದು... ಹೋಗಲಿಲ್ಲ.

ಲಿಫ್ಟಿನ ವಾಸನೆ ಬಂದ ವಾರ, ಭಾನುವಾರ, ಆಟೋ ಹಿಡಿದು ಹೋದೆ. ಮಿಲ್ಲಿನ ಜಾಗದಲ್ಲಿ ಈಗ ಕಾರು ನಿಂತಿದೆ. ಮೇಲಿನ ಮನೆಯ ಬಾಗಿಲು ತೆರೆದವಳು ಮಗಳೇ. ಗುರುತು ಹಿಡಿದಳು. ಒಳಗೆ ಕೂರಿಸಿ ಕಾಫಿ ಕೊಟ್ಟಳು. ಬ್ಯಾಂಕಿನಲ್ಲಿ ಕೆಲಸವಂತೆ, ತಾಯಿಯ ಜೊತೆ ಅಲ್ಲೇ ಇದ್ದಾಳೆ. ನಾನು ಸುತ್ತಿ ಬಳಸಿ ಹಬ್ಬದ ಆ ದಿನದ ಮಾತು ತೆಗೆದೆ. ನನ್ನ ಮಾತಿಗೆ ನೊಂದು ಅಪ್ಪ ಹಾಡು ಬಿಟ್ಟರಲ್ಲಮ್ಮ ಅಂದೆ.

"ಅಪ್ಪ ಬಿಡ್ಲಿಲ್ಲ ಆಂಟಿ" ಅಂದಳು. "ಮಾರನೇ ದಿನಾನೇ ಫೋನ್ ಚಾರ್ಜ್‌ಗೆ ಹಾಕಿಕೊಡು ಅಂದ್ರು. ನಾನೇ ಕೊಡ್ಲಿಲ್ಲ. ಎಲ್ರೂ ನಕ್ಕಿದ್ರಲ್ಲ, ನಂಗೆ ನಿಜವಾಗ್ಲೂ ನಾಚಿಕೆ ಆಗಿತ್ತು. ಫೋನ್ ಕೆಟ್ಟೋಯ್ತು ಅಂದೆ. ಎಷ್ಟೋ ದಿನ ಕೇಳ್ತಾನೇ ಇದ್ರು, ರಿಪೇರಿ ಆಯ್ತಾ ಅಂತ."

ನಾನು ಲೋಟ ಕೆಳಗಿಟ್ಟೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು, ಕೊನೆಯ ವರ್ಷ ತಾನೇ ಹೋಗಿ ಅಪ್ಪನ ಕಿವಿಗೆ ಮತ್ತೆ ಹೆಡ್‌ಫೋನು ಹಾಕಿದಳಂತೆ. ಅವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದರಂತೆ.

"ಚೆನ್ನಾಗಿದೆ ಮಗಾ, ಅದೇ ಹುಡುಗ ಅಲ್ವಾ ಅಂದ್ರು. ನಾನಿನ್ನೂ ಹಾಡು ಹಾಕೇ ಇರ್ಲಿಲ್ಲ ಆಂಟಿ."

ತಪ್ಪು ನಿನ್ನದಲ್ಲ ಕಣಮ್ಮ, ಅವತ್ತು ನಾನು ನಿನ್ನ ಹತ್ತಿರ ಬಂದು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ ಅಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ನನ್ನ ಲೋಟ ತೆಗೆದುಕೊಂಡು ಒಳಗೆ ಹೋಗಿ ನಿಧಾನಕ್ಕೆ ತೊಳೆಯತೊಡಗಿದಳು. ನಾನು ಗೋಡೆ ಹಿಡಿದು ಮೆಟ್ಟಿಲು ಇಳಿದೆ.